ಮೂರನೇ ಗೇಟಿನ ಕಿಟಕಿ

ಯಂತ್ರ ಮೂರು ಸಲ ಕೇಳುತ್ತದೆ.
ಮೂರನೇ ಸಲವೂ ಕೆಂಪು ದೀಪ ಹತ್ತಿದರೆ
ಸಾಲಿನಿಂದ ಪಕ್ಕಕ್ಕೆ ಸರಿದು
ನನ್ನ ಕಿಟಕಿಗೆ ಬರಬೇಕು.
ನನ್ನ ಹತ್ತಿರ ಒಂದು ಉದ್ದನೆ ಪುಸ್ತಕ,
ದಾರಕ್ಕೆ ಕಟ್ಟಿದ ಪೆನ್ನು,
ಮತ್ತೆ ಕಂಪನಿ ಕೊಡದ, ಲೆಕ್ಕಕ್ಕೂ ಹಿಡಿಯದ ಒಂದು ಸಾಮಾನು:
ನೆನಪು.

ಬುಕಿಡ್ನಾನಿನ ಈ ಡಬ್ಬಿ ಕಾರ್ಖಾನೆಯಲ್ಲಿ
ಅನಾನಸ್ ಹೆಚ್ಚುವವರಿಗೆ ಬೆರಳಿದೆ, ಬೆರಳಚ್ಚಿಲ್ಲ.
ಹಣ್ಣನ್ನು ನಾವು ತಿನ್ನುತ್ತೇವೆ ಅಂದುಕೊಂಡಿದ್ದೆವು;
ಹಣ್ಣೂ ನಮ್ಮನ್ನು ತಿನ್ನುತ್ತದೆ, ಆತುರವಿಲ್ಲದೆ.
ಕೈಗವಸಿನ ತೂತಿನಲ್ಲಿ ರಸ ಇಳಿದು
ಮೊದಲು ಚುರುಗುಟ್ಟುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ,
ಆರನೇ ವರ್ಷಕ್ಕೆ ಬೆರಳ ತುದಿ
ತೊಳೆದು ಬೋರಲು ಹಾಕಿದ ಪಿಂಗಾಣಿ.
ಹಿಂದೆ, ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು.
ಇಲ್ಲಿ ಹೆಬ್ಬೆಟ್ಟು ಬಾರದವರು
ಅಕ್ಷರಕ್ಕೆ ಬರುತ್ತಾರೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?
ಬೇಕು ಸ್ವಾಮಿ. ಹಸಿರು ದೀಪದ್ದೇ ಬೇಕು.

ಹಾಗಾಗಿ ನಾನು ಕ್ರಿಸಾಂತೋ, ಎರಡನೇ ಯಂತ್ರ.
ಮುಖ ನೋಡುವುದು ಕಡಿಮೆ,
ಬೆಳಗಿನ ಐದಕ್ಕೆ ಎಲ್ಲ ಮುಖಗಳಿಗೂ ಒಂದೇ ನಿದ್ದೆ.
ಕೆಮ್ಮು ಕೇಳುತ್ತೇನೆ, ಚಪ್ಪಲಿ ಕೇಳುತ್ತೇನೆ,
ಒಬ್ಬಳ ಕೀಲಿಕೈ ಗೊಂಚಲು ಅವಳಿಗಿಂತ ಮುಂಚೆ ಬರುತ್ತದೆ.

ತಿಯೋಫಿಸ್ತಾ ಹೆಸರು ಹೇಳಿದವಳೇ ಅಲ್ಲ, ಹನ್ನೊಂದು ವರ್ಷ.
ಬಾಳೆಲೆಯಲ್ಲಿ ಸುತ್ತಿದ ಬಿಸಿ ಮರಗೆಣಸಿನ ತುಂಡು
ಕಿಟಕಿ ಕಟ್ಟೆಗೆ ಇಟ್ಟು,
"ಇನ್ನೂ ಇದ್ದೀನಿ, ಬರಕೋ" ಅನ್ನುವಳು.
ಬರೆದುಕೊಳ್ಳುತ್ತಿದ್ದೆ.

ಜೂನಿನ ಒಂದು ಬೆಳಿಗ್ಗೆ
ಅದೇ ನೀಲಿ ತಲೆವಸ್ತ್ರ, ಅದೇ ಕೂಡುಹುಬ್ಬು,
ಎತ್ತರ ಮಾತ್ರ ಎರಡು ಬೆರಳು ಕಡಿಮೆ.
"ಇನ್ನೂ ಇದ್ದೀನಿ, ಬರಕೋ."
ಮರಗೆಣಸಿಗೆ ಉಪ್ಪು ಜಾಸ್ತಿ.

ಹನ್ನೆರಡು ದಿನ ಬಾರದವರ ಹೆಸರು ಹೊಡೆದುಹಾಕುತ್ತಾರೆ,
ಅದು ಗೋಡೆಯ ಮೇಲೇ ಬರೆದಿದೆ.
ಮಲಾಯ್ಬಲಾಯ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ
ಹಾಸಿಗೆಗೆ ಇಬ್ಬರಂತೆ ಮಲಗಿಸುತ್ತಾರೆ,
ಅದು ಎಲ್ಲೂ ಬರೆದಿಲ್ಲ.
ತಂಗಿಯ ಬೆರಳು ನೋಡಿದೆ.
ಅವಳದ್ದೂ ಪಿಂಗಾಣಿ, ಬೇರೆ ಕಾರ್ಖಾನೆಯದು.
ಯಂತ್ರ ಇಬ್ಬರಿಗೂ ಒಂದೇ ಮಾತು ಹೇಳಿತ್ತು: ನೀನಲ್ಲ.
ಒಬ್ಬಳ ವಿಷಯದಲ್ಲಿ ಅದು ನಿಜ.
ನಾನು ಪೆನ್ನಿನ ದಾರ ಎಳೆದುಕೊಂಡೆ.
ಬರೆದೆ.

ಅದಾದ ಮೇಲೆ ಪ್ರತಿದಿನ ಉಪ್ಪು ಜಾಸ್ತಿ,
ಪ್ರತಿದಿನ ತಿಂದೆ.

ಜುಲೈಗೆ ದವಾವೊದಿಂದ ಒಬ್ಬ ಹುಡುಗ ಬಂದ,
ಪೆಟ್ಟಿಗೆಯಲ್ಲಿ ಹೊಸ ಕಣ್ಣು ತಂದ.
ಇನ್ನು ಬೆರಳು ಬೇಡ, ಮುಖ ಸಾಕು,
ಕಿವಿಯಿಂದ ಕಿವಿಗೆ ಅಳೆಯುತ್ತದೆ,
ಅವಳಿಜವಳಿಯೂ ಮೋಸ ಮಾಡಲಾರರು, ಅಂದ.
ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ
ನನ್ನ ಕಡೆ ತಿರುಗಿ ಕೇಳಿದ: "ಇವರು ಯಾರು?"

ಅಷ್ಟು ದೊಡ್ಡ ಕಣ್ಣು,
ಆದರೂ ಮೊದಲ ದಿನ ಯಾರನ್ನೋ ಕೇಳಲೇಬೇಕು.
ತೊಟ್ಟಿಲ ಕೂಸಿಗೆ
ನಾವು ಯಾರನ್ನು ತೋರಿಸಿ ಅವ್ವ ಅಂದೆವೋ ಅವಳೇ ಅವ್ವ.
ಸ್ಟೂಲಿನ ಮೇಲೆ ವಿಸಿತಾ ಉಸಿರು ಹಿಡಿದು ಕೂತಿದ್ದಳು.
"ತಿಯೋಫಿಸ್ತಾ," ಅಂದೆ.
ಹಸಿರು ದೀಪ ಹತ್ತಿತು.
ಇಷ್ಟು ಬೇಗ ನನ್ನನ್ನು ಯಾರೂ ನಂಬಿದ್ದಿಲ್ಲ.

ಪುಸ್ತಕವನ್ನು ಉಗ್ರಾಣಕ್ಕೆ ಹಾಕಿದರು.
ಮೊಳೆಗೆ ದಾರ ಮಾತ್ರ ಉಳಿಯಿತು.
ನನ್ನನ್ನು ಕಿಟಕಿಯಲ್ಲೇ ಬಿಟ್ಟರು,
ಛತ್ರಿ ಕಾಯಲು.

ಆಗಸ್ಟಿನಲ್ಲಿ, ಪಾಳಿ ಬದಲಾಗುವ ಗದ್ದಲದಲ್ಲಿ,
ಕೋಲಿನಂತಾದ ಒಬ್ಬ ಹೆಂಗಸು
ಕಣ್ಣಿನ ಮುಂದೆ ನಿಂತಳು.
ಕೆಂಪು.
ತಲೆವಸ್ತ್ರ ತೆಗೆದು ನಿಂತಳು. ಕೂದಲಿರಲಿಲ್ಲ.
ಕೆಂಪು.
ಮೂರನೆಯದಕ್ಕೆ ಕಾಯದೆ
ಹಳೇ ರೂಢಿಯಂತೆ ಪಕ್ಕಕ್ಕೆ ಸರಿದು
ಕಿಟಕಿಗೆ ಬಂದಳು.

"ಇನ್ನೂ ಇದ್ದೀನಿ," ಅಂದಳು.
ಬರಕೋ ಅನ್ನಲಿಲ್ಲ. ಪುಸ್ತಕವಿಲ್ಲದ್ದನ್ನು ನೋಡಿರಬೇಕು.
ನನ್ನ ಕೈ ದಾರವನ್ನು ಹುಡುಕಿ ಹಿಡಿದುಕೊಂಡಿತ್ತು.
ಅವಳು ಬಾಳೆಲೆ ಬಿಚ್ಚಿದಳು.

ಉಪ್ಪು ಸರಿಯಾಗಿತ್ತು.